ಬೃಹತ್ ಮಳಿಗೆಯೂ ವಾರದ ಸಂತೆಯೂ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ರೈತರು ಮಾಡಿಕೊಳ್ಳಬೇಕಾದ ಲೆಕ್ಕ



ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ತಾಲ್ಲೂಕುಗಳಲ್ಲಿ ನಡೆಯುವ ತರಬೇತಿಗಳಲ್ಲಿ ಈಚೆಗೆ ಬೆಳೆ, ಗೊಬ್ಬರ, ರೋಗ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ತಪ್ಪದೇ ಬರುತ್ತಿದೆ. ನಗರದ ದೊಡ್ಡ ಮಳಿಗೆಗಳಿಗೆ ತರಕಾರಿ ಕೊಡುವುದು ಲಾಭವೋ, ನಷ್ಟವೋ ಎಂಬುದೇ ಆ ಪ್ರಶ್ನೆ. ಕೆಲವರು ಈ ಮಳಿಗೆಗಳನ್ನು ದಲ್ಲಾಳಿಯಿಂದ ಬಿಡುಗಡೆ ಕೊಡಿಸುವ ದಾರಿ ಎಂದು ನಂಬಿದ್ದಾರೆ. ಕೆಲವರು ಊರಿನ ಅಂಗಡಿ, ಸಂತೆಗಳನ್ನು ನುಂಗಲು ಬಂದ ಶಕ್ತಿ ಎಂದು ಭಯಪಡುತ್ತಾರೆ. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ನಂಬಿಕೆಯಿಂದಾಗಲಿ ಭಯದಿಂದಾಗಲಿ ಬೆಳೆಯ ಯೋಜನೆ ಮಾಡಲಾಗದು. ಅದಕ್ಕೆ ಲೆಕ್ಕ ಬೇಕು. ಆ ಲೆಕ್ಕವನ್ನು ನೀವೇ ಮಾಡಿಕೊಳ್ಳಲು ನೆರವಾಗುವುದು ಈ ಲೇಖನದ ಉದ್ದೇಶ.

ಲೇಖನದ ಸಾರಾಂಶವನ್ನು ಮೊದಲೇ ಹೇಳುವುದು ಒಳಿತು. ಬೃಹತ್ ಮಳಿಗೆಯು ನಿಮ್ಮ ಉತ್ಪನ್ನದ ಉತ್ತಮ ಭಾಗವನ್ನು ಮಾತ್ರ ಕೊಳ್ಳುತ್ತದೆ. ಉಳಿದ ಭಾಗಕ್ಕೆ ಸಂತೆಯೇ ಗತಿ. ಮಳಿಗೆಯು ಕೊಡುವ ಬೆಲೆ ನಿಂತಿರುವುದೂ ಸಂತೆ ಮತ್ತು ಮಂಡಿಗಳಲ್ಲಿ ಅಂದು ಹುಟ್ಟಿದ ಬೆಲೆಯ ಮೇಲೆಯೇ. ಆದುದರಿಂದ ಮಳಿಗೆಗೆ ಮಾರಿರಿ, ಆದರೆ ಸಂತೆಯನ್ನು ಕೈಬಿಡಬೇಡಿರಿ. ಸಂತೆ ಸೊರಗಿದ ದಿನ ಮಳಿಗೆಯೊಡನೆ ಚೌಕಾಸಿ ಮಾಡುವ ನಿಮ್ಮ ಶಕ್ತಿಯೂ ಸೊರಗುತ್ತದೆ.

ಮಳಿಗೆಗಳು ಬಂದ ದಾರಿ

ಸಂಘಟಿತ ಚಿಲ್ಲರೆ ವ್ಯಾಪಾರ ಕರ್ನಾಟಕಕ್ಕೆ ಹೊಸದಲ್ಲ. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡು ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾದ ಸಂಸ್ಥೆಯು ಬೆಳೆಗಾರ ಮತ್ತು ಗ್ರಾಹಕರ ನಡುವೆ ನೇರ ಸೇತುವೆಯಾಗುವ ಪ್ರಯತ್ನವೇ ಆಗಿತ್ತು. ಖಾಸಗಿ ಬಂಡವಾಳದ ದೊಡ್ಡ ಅಲೆ ಬಂದದ್ದು ಈ ಶತಮಾನದಲ್ಲಿ. ಜರ್ಮನಿಯ ಮೆಟ್ರೋ ಸಂಸ್ಥೆಯು 2003ರಲ್ಲಿ ಬೆಂಗಳೂರಿನಲ್ಲಿ ಸಗಟು ಮಳಿಗೆ ತೆರೆಯಿತು. 2006ರಲ್ಲಿ ರಿಲಯನ್ಸ್ ಫ್ರೆಶ್ ಹೈದರಾಬಾದಿನಿಂದ ಆರಂಭವಾಯಿತು. 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರವರೆಗೆ ವಿದೇಶಿ ನೇರ ಬಂಡವಾಳಕ್ಕೆ ಅನುಮತಿ ನೀಡಿದಾಗ ದೇಶದಾದ್ಯಂತ ಚರ್ಚೆ ನಡೆಯಿತು. ರಾಜ್ಯ ಸರ್ಕಾರದ ಒಪ್ಪಿಗೆ ಇರಬೇಕು, ಸಾಮಾನ್ಯವಾಗಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ ಮಳಿಗೆ ತೆರೆಯಬೇಕು, ಹೂಡಿಕೆಯ ಒಂದು ಭಾಗ ಉಗ್ರಾಣ, ಶೀತಲಗೃಹಗಳಂತಹ ಸೌಕರ್ಯಗಳಿಗೆ ಹೋಗಬೇಕು ಎಂಬುವು ಅದರ ಷರತ್ತುಗಳಲ್ಲಿ ಮುಖ್ಯವಾದವು. 2011ರ ಜನಗಣತಿಯಲ್ಲಿ ಮೈಸೂರು ನಗರವೂ ಹತ್ತು ಲಕ್ಷವನ್ನು ದಾಟಿರಲಿಲ್ಲ.

ಹಾಗಾಗಿ ನಮ್ಮ ಭಾಗದಲ್ಲಿ ಬದಲಾವಣೆ ತಂದದ್ದು ವಿದೇಶಿ ಮಳಿಗೆಗಳಿಗಿಂತ ಹೆಚ್ಚಾಗಿ ದೇಶೀಯ ಸರಪಳಿ ಮಳಿಗೆಗಳು ಮತ್ತು ಮೊಬೈಲ್ ಮೂಲಕ ನಡೆಯುವ ಮಾರಾಟ. ವಾಲ್‌ಮಾರ್ಟ್ 2018ರಲ್ಲಿ ಫ್ಲಿಪ್‌ಕಾರ್ಟ್‌ನ ಬಹುಪಾಲನ್ನು ಕೊಂಡಿತು. 2023ರಲ್ಲಿ ಮೆಟ್ರೋದ ಭಾರತೀಯ ಸಗಟು ವ್ಯವಹಾರ ರಿಲಯನ್ಸ್ ಪಾಲಾಯಿತು. ಕೊಳ್ಳುವವರ ಕೈ ದೊಡ್ಡದಾಗುತ್ತಿದೆ, ಸಂಖ್ಯೆ ಕಡಿಮೆಯಾಗುತ್ತಿದೆ ಎಂಬುದನ್ನು ರೈತರು ಇದರಿಂದ ತಿಳಿಯಬೇಕು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 275 ಉತ್ತಮಗೊಂಡಂತೆಲ್ಲ ಮೈಸೂರಿನ ಮಳಿಗೆ ಈ ಭಾಗದ ಗ್ರಾಹಕರಿಗೆ ಹತ್ತಿರವಾಗುತ್ತದೆ, ಈ ಭಾಗದ ಹೊಲ ಮೈಸೂರಿನ ಮಳಿಗೆಗೆ ಹತ್ತಿರವಾಗುತ್ತದೆ.

ನಮ್ಮಲ್ಲಿ ಈಗಾಗಲೇ ಇರುವ ಮಾರಾಟ ವ್ಯವಸ್ಥೆಗಳು

ಹೊಸ ಮಾರುಕಟ್ಟೆಯನ್ನು ಅಳೆಯಲು ಹಳೆಯದರ ಅಳತೆಗೋಲು ಬೇಕು. ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಅಂತಹ ಅಳತೆಗೋಲು ಬೇರೆ ಭಾಗದವರಿಗಿಂತ ಹೆಚ್ಚಾಗಿಯೇ ಇದೆ.

ಮೊದಲನೆಯದು ತಂಬಾಕು ಹರಾಜು. ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಹರಡಿರುವ ವರ್ಜೀನಿಯಾ ತಂಬಾಕನ್ನು ಕೊಳ್ಳುವ ಕಂಪನಿಗಳು ಬೆರಳೆಣಿಕೆಯಷ್ಟು. ಆದರೂ 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಪದ್ಧತಿ ಜಾರಿಗೆ ಬಂದ ಮೇಲೆ ಬೇಲುಗಳ ತೂಕ, ದರ್ಜೆ, ಬೆಲೆ ಎಲ್ಲವೂ ಸಾರ್ವಜನಿಕ ಕಟ್ಟೆಯ ಮೇಲೆ, ಎಲ್ಲರ ಕಣ್ಣೆದುರು ನಿರ್ಧಾರವಾಗುತ್ತಿವೆ. ಬೆಲೆ ಕಡಿಮೆಯಾಯಿತೆಂದು, ಬೇಲನ್ನು ಯಾರೂ ಕೂಗಲಿಲ್ಲವೆಂದು ರೈತರು ಹರಾಜನ್ನೇ ನಿಲ್ಲಿಸಿದ ಪ್ರಸಂಗಗಳನ್ನು ನೀವು ಬಲ್ಲಿರಿ. ಹಾಗೆ ನಿಲ್ಲಿಸಲು ಒಂದು ಕಟ್ಟೆ ಇದೆ, ದೂರು ಕೇಳಲು ಒಂದು ಮಂಡಳಿ ಇದೆ ಎಂಬುದೇ ಅದರ ಬಲ.

ಎರಡನೆಯದು ಹಾಲಿನ ಡೇರಿ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘವು ಗುಣಮಟ್ಟಕ್ಕೆ ತಕ್ಕ ಹಾಲನ್ನು ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕೊಳ್ಳುತ್ತದೆ. ಜಿಡ್ಡು ಮತ್ತು ಜಿಡ್ಡೇತರ ಘನಾಂಶವನ್ನು ಅಳೆದು ಬೆಲೆ ಕಟ್ಟುತ್ತದೆ. ಇಂದು ಎರಡು ಲೀಟರ್ ತಂದವರಿಗೂ ಇಪ್ಪತ್ತು ಲೀಟರ್ ತಂದವರಿಗೂ ನಿಯಮ ಒಂದೇ.

ಮೂರನೆಯದು ಬೆಂಬಲ ಬೆಲೆ. ಕೇಂದ್ರ ಸರ್ಕಾರವು 2025-26ನೇ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂ., ರಾಗಿಗೆ 4,886 ರೂ. ಬೆಂಬಲ ಬೆಲೆ ಘೋಷಿಸಿದೆ. ಖರೀದಿ ಕೇಂದ್ರ ತಡವಾಗಿ ತೆರೆದರೂ ಬೆಲೆಗೆ ಒಂದು ನೆಲಗಟ್ಟು ಇದೆ.

ನಾಲ್ಕನೆಯದು ಸಂತೆ ಮತ್ತು ಮಂಡಿ. ಇಲ್ಲಿ ಬೆಲೆಗೆ ಭರವಸೆಯಿಲ್ಲ. ಆದರೆ ತಂದ ಮಾಲು ದೊಡ್ಡದಿರಲಿ ಸಣ್ಣದಿರಲಿ, ಡೊಂಕಿರಲಿ ನೆಟ್ಟಗಿರಲಿ, ಯಾವುದೋ ಒಂದು ಬೆಲೆಗೆ ಕೊಳ್ಳುವವರು ಸಿಗುತ್ತಾರೆ. ಹೋಟೆಲಿನವರು ಒಂದು ಬಗೆಯದನ್ನು, ಮನೆಯವರು ಒಂದು ಬಗೆಯದನ್ನು, ದಿನದ ಕೊನೆಯಲ್ಲಿ ಬರುವ ಕೂಲಿಕಾರರು ಇನ್ನೊಂದು ಬಗೆಯದನ್ನು ಕೊಳ್ಳುತ್ತಾರೆ. ತರಕಾರಿಗೆ ಮಂಡಳಿಯಿಲ್ಲ, ಡೇರಿಯಿಲ್ಲ, ಬೆಂಬಲ ಬೆಲೆಯೂ ಇಲ್ಲ. ಅದಕ್ಕಿರುವ ಆಸರೆ ಸಂತೆಯೊಂದೇ.

ಈ ಹಿನ್ನೆಲೆಯಲ್ಲಿ ಮಳಿಗೆಗಳ ಸಂಗ್ರಹಣಾ ಕೇಂದ್ರವನ್ನು ನೋಡಿರಿ. ತಂಬಾಕಿನಂತೆ ಇಲ್ಲಿಯೂ ಕೊಳ್ಳುವವರು ಕೆಲವರೇ. ಆದರೆ ಹರಾಜಿಲ್ಲ, ಮಂಡಳಿಯಿಲ್ಲ. ಡೇರಿಯಂತೆ ಇಲ್ಲಿಯೂ ಗುಣಮಟ್ಟದ ಪರೀಕ್ಷೆಯುಂಟು. ಆದರೆ ತಂದದ್ದನ್ನೆಲ್ಲ ಕೊಳ್ಳುವ ಹೊಣೆಯಿಲ್ಲ. ಬಹುಪಾಲು ಕೇಂದ್ರಗಳು ಲಿಖಿತ ಒಪ್ಪಂದ ಮಾಡಿಕೊಳ್ಳುವುದಿಲ್ಲ. ನಾಳೆ ಇಷ್ಟು ಬೇಕು ಎಂದು ಇಂದು ತಿಳಿಸಿ, ಅಷ್ಟನ್ನೇ ಆರಿಸಿಕೊಳ್ಳುತ್ತವೆ.

ಉಳಿದ ಮಾಲಿನ ಲೆಕ್ಕ

ಮಳಿಗೆಯ ಕೇಂದ್ರದಲ್ಲಿ ಕಿಲೋಗೆ ಎಷ್ಟು ಸಿಕ್ಕಿತು ಎಂಬುದನ್ನು ಮಾತ್ರ ನೋಡುವುದು ನಮ್ಮ ರೈತರು ಸಾಮಾನ್ಯವಾಗಿ ಮಾಡುವ ತಪ್ಪು. ನೋಡಬೇಕಾದದ್ದು ಹೊಲದಿಂದ ಬಂದ ಒಟ್ಟು ಮಾಲಿಗೆ ಒಟ್ಟು ಎಷ್ಟು ಸಿಕ್ಕಿತು ಎಂಬುದನ್ನು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿಯ ಬೆಲೆಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು. ನಿಮ್ಮ ಊರಿನ ಅಂದಿನ ಬೆಲೆಯನ್ನು ಅದೇ ಜಾಗದಲ್ಲಿ ಇಟ್ಟುಕೊಳ್ಳಿರಿ.

ಒಬ್ಬ ರೈತರ ಹೊಲದಲ್ಲಿ ಒಂದು ಕೊಯ್ಲಿಗೆ 1,000 ಕಿಲೋ ಟೊಮೆಟೊ ಬಂದಿದೆ ಎಂದುಕೊಳ್ಳಿ. ಸಂತೆಯಲ್ಲಿ ವಿಂಗಡಿಸದೆ ಒಟ್ಟಾಗಿ ಮಾರಿದರೆ ಕಿಲೋಗೆ 16 ರೂ.ನಂತೆ 16,000 ರೂ. ಸಿಗುತ್ತದೆ. ಸಂಗ್ರಹಣಾ ಕೇಂದ್ರದಲ್ಲಿ ಬೆಲೆ 20 ರೂ.; ಆದರೆ ಅವರು ಆರಿಸಿಕೊಳ್ಳುವುದು 600 ಕಿಲೋ ಮಾತ್ರ. ಅದರಿಂದ ಬರುವುದು 12,000 ರೂ. ಇನ್ನುಳಿದ 400 ಕಿಲೋ ಎರಡನೇ ದರ್ಜೆಯ ಮಾಲು. ಅದು ಸಂತೆಯಲ್ಲಿ 12 ರೂ.ನಂತೆ ಹೋದರೆ 4,800 ರೂ. ಸೇರಿ ಒಟ್ಟು 16,800 ರೂ. ಆಗುತ್ತದೆ, ರೈತರಿಗೆ 800 ರೂ. ಲಾಭ. ಅದೇ ಮಾಲು 5 ರೂ.ಗೆ ಹೋದರೆ 2,000 ರೂ. ಸೇರಿ ಒಟ್ಟು 14,000 ರೂ. ಮಾತ್ರ, 2,000 ರೂ. ನಷ್ಟ. ಎರಡೂ ಸಂದರ್ಭಗಳಲ್ಲಿ ಮಳಿಗೆ ಕೊಟ್ಟ ಬೆಲೆ ಒಂದೇ. ಲಾಭ ನಷ್ಟಗಳನ್ನು ನಿರ್ಧರಿಸಿದ್ದು ಉಳಿದ ಮಾಲಿನ ಬೆಲೆ.

ಈ ಉದಾಹರಣೆಯಲ್ಲಿ ಉಳಿದ ಮಾಲಿಗೆ ಕನಿಷ್ಠ 10 ರೂ. ಸಿಕ್ಕಿದರೆ ಮಾತ್ರ ರೈತರಿಗೆ ಸರಿಸಮ. ಇದನ್ನು ಕಂಡುಹಿಡಿಯುವ ವಿಧಾನ ಸುಲಭ. ಎಲ್ಲವನ್ನೂ ಸಂತೆಯಲ್ಲಿ ಮಾರಿದ್ದರೆ ಬರುತ್ತಿದ್ದ ಹಣದಿಂದ ಕೇಂದ್ರ ಕೊಟ್ಟ ಹಣವನ್ನು ಕಳೆಯಿರಿ. ಬಂದ ಮೊತ್ತವನ್ನು ಉಳಿದ ಕಿಲೋಗಳಿಂದ ಭಾಗಿಸಿರಿ. 16,000ದಲ್ಲಿ 12,000 ಕಳೆದರೆ 4,000. ಅದನ್ನು 400ರಿಂದ ಭಾಗಿಸಿದರೆ 10. ಉಳಿದ ಮಾಲಿಗೆ ಅಷ್ಟು ಬೆಲೆ ಬರುವ ಭರವಸೆಯಿಲ್ಲದಿದ್ದರೆ ಅಂದು ಕೇಂದ್ರಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ವಿಂಗಡಣೆಯ ಕೂಲಿ ಮತ್ತು ಎರಡು ಕಡೆಗೆ ಸಾಗಿಸುವ ವಾಹನದ ಬಾಡಿಗೆಯನ್ನೂ ಸೇರಿಸಿದರೆ ಈ ಗಡಿ ಇನ್ನೂ ಮೇಲಕ್ಕೆ ಹೋಗುತ್ತದೆ.

ಮಾಲು ಹೆಚ್ಚಾದ ದಿನಗಳಲ್ಲಿ ಕೇಂದ್ರಗಳು ತಮ್ಮ ಬೇಡಿಕೆಯನ್ನು ಇಳಿಸುವುದುಂಟು. ಮೇಲಿನ ಉದಾಹರಣೆಯಲ್ಲಿಯೇ 600ರ ಬದಲು 300 ಕಿಲೋ ಮಾತ್ರ ಕೊಂಡರೆ, ಉಳಿದ 700 ಕಿಲೋಗೆ 14 ರೂ. 30 ಪೈಸೆಯಷ್ಟು ಸಿಗಬೇಕಾಗುತ್ತದೆ. ಅಂತಹ ದಿನವೇ ಸಂತೆಯಲ್ಲಿಯೂ ಮಾಲು ತುಂಬಿರುತ್ತದೆ. ಅಂದರೆ ಮಾರುಕಟ್ಟೆ ಕುಸಿದ ದಿನದ ಭಾರವೆಲ್ಲ ಸಂತೆಯ ಮೇಲೆ, ಆ ಮೂಲಕ ರೈತರ ಮೇಲೆ ಬೀಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕೇಂದ್ರವು ತನ್ನ ಬೆಲೆಯನ್ನು ಸಾಮಾನ್ಯವಾಗಿ ಹತ್ತಿರದ ಮಂಡಿಯ ಬೆಲೆಯನ್ನು ನೋಡಿಯೇ ನಿಗದಿಪಡಿಸುತ್ತದೆ. ಅದಕ್ಕಿಂತ ಒಂದೆರಡು ರೂಪಾಯಿ ಹೆಚ್ಚು ಕೊಡುತ್ತದೆ. ಒಳ್ಳೆಯ ಮಾಲೆಲ್ಲ ಕೇಂದ್ರಕ್ಕೆ ಹೋಗಿ, ಸಂತೆಗೂ ಮಂಡಿಗೂ ಬರೀ ಎರಡನೇ ದರ್ಜೆಯ ಮಾಲು ಬರತೊಡಗಿದರೆ ಅಲ್ಲಿಯ ಬೆಲೆ ಇಳಿಯುತ್ತದೆ. ಇಳಿದ ಬೆಲೆಯೇ ಮರುದಿನ ಕೇಂದ್ರದ ಬೆಲೆಗೆ ಆಧಾರವಾಗುತ್ತದೆ.

ಊರಿನ ಅಂಗಡಿ ಮತ್ತು ಲೆಕ್ಕದ ಪುಸ್ತಕ

ಇದುವರೆಗೆ ಮಾರುವವರಾಗಿ ರೈತರ ಮಾತಾಯಿತು. ರೈತರು ಕೊಳ್ಳುವವರೂ ಹೌದು.

ತಂಬಾಕು ಬೆಳೆಗಾರರ ಮನೆಯ ವರ್ಷವನ್ನು ನೆನೆಯಿರಿ. ಮೇ ತಿಂಗಳ ವೇಳೆಗೆ ನಾಟಿ, ಮುಂದೆ ಕಳೆ, ಗೊಬ್ಬರ, ಎಲೆ ಮುರಿಯುವುದು, ಬ್ಯಾರನ್ನಿನಲ್ಲಿ ಹದಗೊಳಿಸುವುದು, ಸೌದೆ, ಕೂಲಿ ಎಂದು ಹಣ ಹೋಗುತ್ತಲೇ ಇರುತ್ತದೆ. ಹಣ ಬರುವುದು ಹರಾಜು ಆರಂಭವಾದ ಮೇಲೆ. ನಡುವಿನ ತಿಂಗಳುಗಳಲ್ಲಿ ಎಷ್ಟೋ ಮನೆಗಳ ಉಪ್ಪು, ಎಣ್ಣೆ, ಬೇಳೆ ನಡೆಯುವುದು ಊರಿನ ದಿನಸಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ. ಹಣ ಬಂದಾಗ ತೀರಿಸುವ ಈ ಸಾಲಕ್ಕೆ ಪತ್ರವಿಲ್ಲ, ಜಾಮೀನಿಲ್ಲ. ಅಂಗಡಿಯವರು ವಸ್ತುವಿನ ಬೆಲೆಯಲ್ಲಿ ತುಸು ಹೆಚ್ಚು ಹಾಕಿಕೊಳ್ಳುತ್ತಾರೆ ಎಂಬುದು ನಿಜ. ಆ ಹೆಚ್ಚುವರಿಯನ್ನು ಸಾಲದ ಬಡ್ಡಿ ಎಂದು ತಿಳಿಯುವುದೇ ಸರಿ.

ದೊಡ್ಡ ಮಳಿಗೆಯಲ್ಲಿ ಬೇಳೆ ಅಗ್ಗವಾಗಿ ಸಿಗಬಹುದು. ಆದರೆ ಅಲ್ಲಿ ನಗದು ಕೊಡಬೇಕು ಅಥವಾ ಮೊಬೈಲಿನಲ್ಲಿ ಹಣ ಹಾಕಬೇಕು. ಕೈಯಲ್ಲಿ ಹಣವಿರುವ ಮನೆಗಳು ತಿಂಗಳ ಸಾಮಾನನ್ನು ಅಲ್ಲಿಂದ ತರತೊಡಗಿದರೆ ಊರಿನ ಅಂಗಡಿಗೆ ಉಳಿಯುವುದು ಸಾಲದ ಗಿರಾಕಿಗಳು ಮಾತ್ರ. ನಗದು ವ್ಯಾಪಾರವಿಲ್ಲದೆ ಸಾಲ ಕೊಡುವ ಶಕ್ತಿ ಯಾವ ಅಂಗಡಿಗೂ ಇರುವುದಿಲ್ಲ. ಮೊದಲು ಸಾಲದ ಮಿತಿ ಇಳಿಯುತ್ತದೆ, ಅನಂತರ ಪುಸ್ತಕವೇ ಮುಚ್ಚುತ್ತದೆ. ಇದರ ಪೆಟ್ಟು ಬೀಳುವುದು ಮಳಿಗೆಗೆ ಎಂದೂ ಹೋಗದ ಮನೆಗಳ ಮೇಲೆ: ಕೂಲಿಕಾರರು, ತುಂಡು ಹಿಡುವಳಿದಾರರು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನ ಹಾಡಿಗಳ ಜೇನುಕುರುಬ, ಕಾಡುಕುರುಬ ಕುಟುಂಬಗಳು.

ಅಂಗಡಿಯ ಸಾಲ ಹೋದ ಜಾಗಕ್ಕೆ ಏನು ಬರುತ್ತದೆ? ವಾರದ ಕಂತಿನ ಕಿರುಸಾಲ ಬರುತ್ತದೆ. ಅಂತಹ ಸಾಲದ ವಸೂಲಿಯಲ್ಲಿ ನಡೆದ ಬಲಾತ್ಕಾರವನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು ಎಂಬುದನ್ನು ಮರೆಯಬಾರದು. ಬೆಳೆ ಬಂದಾಗ ತೀರಿಸುವ ಸಾಲಕ್ಕೂ ಪ್ರತಿ ವಾರ ತೀರಿಸಬೇಕಾದ ಸಾಲಕ್ಕೂ ಅಂತರ ಬಹಳ. ಕೃಷಿಯ ಆದಾಯ ವಾರ ವಾರ ಬರುವುದಿಲ್ಲ.

ಬೇರೆಡೆಯ ಅನುಭವ

ನಮ್ಮಂತೆಯೇ ರೈತರಿಗೆ ಸಲಹೆ ನೀಡುವ ಹೊಣೆಯಿರುವ ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿಸ್ತರಣಾ ಅರ್ಥಶಾಸ್ತ್ರಜ್ಞರಾಗಿದ್ದ ಕೆನೆತ್ ಸ್ಟೋನ್ ಅವರು 1980ರ ದಶಕದಲ್ಲಿ ಆ ರಾಜ್ಯದ ಸಣ್ಣ ಪಟ್ಟಣಗಳಿಗೆ ವಾಲ್‌ಮಾರ್ಟ್ ಬಂದಾಗ ಆದ ಪರಿಣಾಮವನ್ನು ಅಧ್ಯಯನ ಮಾಡಿದರು. ಮಳಿಗೆ ಬಂದ ಪಟ್ಟಣದಲ್ಲಿ ಒಟ್ಟು ವ್ಯಾಪಾರ ಹೆಚ್ಚಿತು. ಹೊರಗಿನಿಂದ ಬಂದ ಗಿರಾಕಿಗಳಿಂದ ಅಲ್ಲಿಯ ಹೋಟೆಲುಗಳಂತಹ ಕೆಲವರಿಗೆ ಲಾಭವೂ ಆಯಿತು. ಅದೇ ವಸ್ತುಗಳನ್ನು ಮಾರುತ್ತಿದ್ದ ಅಂಗಡಿಗಳು ನಷ್ಟ ಅನುಭವಿಸಿದವು. ಸುತ್ತಲಿನ, ಮಳಿಗೆಯಿಲ್ಲದ ಸಣ್ಣ ಪಟ್ಟಣಗಳ ವ್ಯಾಪಾರ ಸೋರಿಹೋಯಿತು. ಇದನ್ನು ನಮ್ಮ ಭೂಪಟದ ಮೇಲೆ ಇಟ್ಟು ನೋಡಿದರೆ ಮೈಸೂರು ಗಳಿಸುವ ಊರು, ಹುಣಸೂರು, ಕೆ.ಆರ್. ನಗರ ಸೋರುವ ಊರುಗಳು. ನಾಳೆ ಹುಣಸೂರಿಗೇ ದೊಡ್ಡ ಮಳಿಗೆ ಬಂದರೆ ಸೋರುವ ಸರದಿ ಹೋಬಳಿ ಕೇಂದ್ರಗಳದು.

ನಮ್ಮ ದೇಶದ ಅಧ್ಯಯನವೊಂದು ಬೇರೆ ಮುಖವನ್ನೂ ತೋರಿಸುತ್ತದೆ. ಕೇಂದ್ರ ಸರ್ಕಾರದ ಕೋರಿಕೆಯ ಮೇರೆಗೆ ಇಕ್ರಿಯರ್ ಸಂಸ್ಥೆಯು 2008ರಲ್ಲಿ ನೀಡಿದ ವರದಿಯ ಪ್ರಕಾರ, ಸಂಘಟಿತ ಮಳಿಗೆಗಳ ಸಮೀಪದ ಸಣ್ಣ ಅಂಗಡಿಗಳ ವ್ಯಾಪಾರ ಮತ್ತು ಲಾಭ ಆರಂಭದಲ್ಲಿ ಕುಸಿದರೂ ಕಾಲಕ್ರಮೇಣ ಆ ಪರಿಣಾಮ ತಗ್ಗಿತು. ಮಳಿಗೆಗಳ ಪೈಪೋಟಿಯಿಂದ ಮುಚ್ಚಿದ ಅಂಗಡಿಗಳ ಪ್ರಮಾಣ ವರ್ಷಕ್ಕೆ ಶೇ. 1.7. ಮಳಿಗೆಗಳಿಗೆ ನೇರವಾಗಿ ಹೂಕೋಸು ಮಾರಿದ ರೈತರಿಗೆ ಮಂಡಿಗಿಂತ ಸುಮಾರು ಶೇ. 25ರಷ್ಟು ಹೆಚ್ಚು ಬೆಲೆ ದೊರೆಯಿತು. ಈ ಲಾಭವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನೀವು ಈ ಅಂಕಿಯನ್ನು ಓದುವಾಗ ಮೇಲಿನ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಳ್ಳಿರಿ: ನಿಮ್ಮ ಮಾಲಿನಲ್ಲಿ ಆ ಬೆಲೆಗೆ ಹೋಗುವ ಭಾಗವೆಷ್ಟು, ಉಳಿಯುವ ಭಾಗವೆಷ್ಟು? ಆ ವರದಿಯು ನಗರಗಳ ಅಂಗಡಿಗಳನ್ನು ಕುರಿತದ್ದು ಎಂಬುದೂ ನೆನಪಿರಲಿ. ಸಾವಿರಾರು ಗಿರಾಕಿಗಳಿರುವ ನಗರದ ಬೀದಿಯಲ್ಲಿ ಅಂಗಡಿ ಚೇತರಿಸಿಕೊಳ್ಳಬಲ್ಲದು. ಇನ್ನೂರು ಮನೆಯ ಊರಿನಲ್ಲಿ ಇಪ್ಪತ್ತು ನಗದು ಗಿರಾಕಿಗಳು ಹೋದರೆ ಚೇತರಿಕೆ ಕಷ್ಟ.

ತಾಲ್ಲೂಕುವಾರು ಪರಿಸ್ಥಿತಿ

ಹುಣಸೂರು, ಪಿರಿಯಾಪಟ್ಟಣ: ತಂಬಾಕು ನಿಯಂತ್ರಣ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ ಒಡಂಬಡಿಕೆಗೆ ಭಾರತವು 2003ರಲ್ಲಿ ಸಹಿ ಹಾಕಿ, 2004ರಲ್ಲಿಯೇ ಅನುಮೋದಿಸಿದೆ. ಪರ್ಯಾಯ ಬೆಳೆಗಳ ಮಾತು ಅಂದಿನಿಂದ ನಡೆಯುತ್ತಿದೆ. ತರಕಾರಿ, ಮುಸುಕಿನ ಜೋಳ, ಶುಂಠಿ, ದ್ವಿದಳ ಧಾನ್ಯಗಳು ಆ ಪಟ್ಟಿಯಲ್ಲಿವೆ. ತಂಬಾಕನ್ನು ಬಿಟ್ಟು ತರಕಾರಿಗೆ ಬರುವ ರೈತರು ಕೇವಲ ಬೆಳೆಯನ್ನಲ್ಲ, ಮಂಡಳಿಯಿರುವ ಮಾರುಕಟ್ಟೆಯನ್ನೇ ಬಿಟ್ಟು ಯಾವ ಕಟ್ಟೆಯೂ ಇಲ್ಲದ ಮಾರುಕಟ್ಟೆಗೆ ಬರುತ್ತಾರೆ. ಆದುದರಿಂದ ಇಡೀ ಹೊಲವನ್ನು ಒಮ್ಮೆಗೇ ಬದಲಿಸದೆ, ನೀರಾವರಿ ಇರುವ ಅರ್ಧ ಎಕರೆಯಿಂದ ಆರಂಭಿಸಿ, ಎರಡು ಹಂಗಾಮುಗಳ ಮಾರಾಟದ ಅನುಭವ ಪಡೆದ ಮೇಲೆ ವಿಸ್ತರಿಸುವುದು ಸೂಕ್ತ.

ಕೆ.ಆರ್. ನಗರ: ಕಾವೇರಿ ನಾಲೆಗಳ ಈ ಭತ್ತದ ಸೀಮೆಯಲ್ಲಿ ಮಳಿಗೆಯ ಪ್ರಭಾವ ತರಕಾರಿಗಿಂತ ಅಕ್ಕಿಯ ಚೀಲದಲ್ಲಿ ಕಾಣುತ್ತದೆ. ರೈತರು ಭತ್ತವನ್ನು ಮಾರಿ, ಚೀಲದ ಅಕ್ಕಿಯನ್ನು ಕೊಳ್ಳುವ ಸ್ಥಿತಿ ಹಲವು ಮನೆಗಳಲ್ಲಿದೆ. ರಾಜಮುಡಿಯಂತಹ ಸ್ಥಳೀಯ ತಳಿಗಳಿಗೆ ನಗರದಲ್ಲಿ ಬೇಡಿಕೆಯಿದೆ. ಗುಂಪಾಗಿ ಗಿರಣಿ ಮಾಡಿಸಿ, ಚೀಲಕ್ಕೆ ತುಂಬಿ, ಹೆಸರಿಟ್ಟು ಮಾರಿದರೆ ಮಳಿಗೆಯೊಡನೆ ಸಮನಾಗಿ ಮಾತನಾಡಬಹುದು. ಅಕ್ಕಿ ಕೊಳೆಯುವ ಮಾಲಲ್ಲ. ಬೆಲೆ ಒಪ್ಪದಿದ್ದರೆ ಇಟ್ಟುಕೊಳ್ಳಬಹುದು.

ಎಚ್.ಡಿ. ಕೋಟೆ: ಕಬಿನಿ, ತಾರಕ, ಹೆಬ್ಬಳ್ಳ ಜಲಾಶಯಗಳಿದ್ದರೂ ತಾಲ್ಲೂಕಿನ ಹೆಚ್ಚಿನ ಭಾಗ ಮಳೆಯಾಶ್ರಿತ. ಹತ್ತಿ, ರಾಗಿ, ಬಾಳೆ, ಶುಂಠಿ ಬೆಳೆಯುವ ಇಲ್ಲಿಯ ಒಳಹಳ್ಳಿಗಳಿಂದ ಮೈಸೂರಿಗೆ ಸಾಗಣೆ ವೆಚ್ಚ ಹೆಚ್ಚು. ಆರಿಸಿ ಬಿಟ್ಟ ಮಾಲನ್ನು ಹಿಂದಕ್ಕೆ ತರುವುದು ಅಸಾಧ್ಯ. ಆದ್ದರಿಂದ ವಿಂಗಡಣೆ ಹೊಲದಲ್ಲಿಯೇ ಆಗಬೇಕು. ಎರಡನೇ ದರ್ಜೆಯ ಮಾಲು ಹತ್ತಿರದ ಸಂತೆಯಲ್ಲಿಯೇ ಮಾರಾಟವಾಗಬೇಕು. ಈ ತಾಲ್ಲೂಕಿನ ಸಣ್ಣ ಸಂತೆಗಳು ಉಳಿಯುವುದು ಬೇರೆಲ್ಲ ಕಡೆಗಿಂತ ಇಲ್ಲಿಯೇ ಹೆಚ್ಚು ಅಗತ್ಯ.

ರೈತರಿಗೆ ಶಿಫಾರಸುಗಳು

1. ಒಂದೇ ಬಾಗಿಲಿಗೆ ಎಲ್ಲವನ್ನೂ ಒಪ್ಪಿಸಬೇಡಿರಿ. ಉತ್ತಮ ದರ್ಜೆಯ ಮಾಲಿನಲ್ಲಿಯೂ ಒಂದು ಭಾಗವನ್ನು ಸಂತೆಗೆ ಅಥವಾ ಮಂಡಿಗೆ ಒಯ್ಯಿರಿ. ಸಂತೆಯ ಗಿರಾಕಿ ಉಳಿಯುವುದು ಅಲ್ಲಿ ಒಳ್ಳೆಯ ಮಾಲು ಸಿಕ್ಕಿದರೆ ಮಾತ್ರ.

2. ಕೊಯ್ಲನ್ನು ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಮಾಡಿ, ನೆರಳಿನಲ್ಲಿ ಮೂರು ಭಾಗವಾಗಿ ವಿಂಗಡಿಸಿರಿ. ದೂರ ಸಾಗಿಸುವ ಟೊಮೆಟೊವನ್ನು ಬಣ್ಣ ತಿರುಗುವ ಹಂತದಲ್ಲಿಯೇ ಬಿಡಿಸಿರಿ. ಚೀಲಗಳ ಬದಲು ಪ್ಲಾಸ್ಟಿಕ್ ಕ್ರೇಟುಗಳನ್ನು ಬಳಸಿರಿ.

3. ಒಂದೇ ದಿನ ಪೂರ್ತಿ ನಾಟಿ ಮಾಡದೆ 10ರಿಂದ 15 ದಿನಗಳ ಅಂತರದಲ್ಲಿ ತಾಕುಗಳನ್ನು ನಾಟಿ ಮಾಡಿರಿ. ಕೇಂದ್ರದ ಬೇಡಿಕೆ ಇಳಿದ ದಿನ ಸಂತೆಯ ಮೇಲೆ ಬೀಳುವ ಹೊರೆ ಇದರಿಂದ ತಗ್ಗುತ್ತದೆ.

4. ಕೀಟನಾಶಕದ ಪೊಟ್ಟಣದ ಮೇಲೆ ಸೂಚಿಸಿರುವ ಕಾಯುವ ಅವಧಿ ಮುಗಿಯದೆ ಕೊಯ್ಲು ಮಾಡಬೇಡಿರಿ. ಸಿಂಪರಣೆಯ ದಿನಾಂಕ ಬರೆದಿಡಿರಿ. ಶೇಷಾಂಶ ಕಂಡುಬಂದರೆ ಮಾಲು ತಿರಸ್ಕೃತವಾಗಬಹುದು. ಸಂತೆಯಲ್ಲಿ ಕೊಳ್ಳುವವರ ಆರೋಗ್ಯವೂ ಅಷ್ಟೇ ಮುಖ್ಯ.

5. ಕೇಂದ್ರಕ್ಕೆ ಕೊಡುವ ಮುನ್ನ ನಾಲ್ಕು ಸಂಗತಿಗಳನ್ನು ಬರಹದಲ್ಲಿ ಪಡೆಯಿರಿ: ಅಂದಿನ ಬೆಲೆ, ಕೊಳ್ಳುವ ಪ್ರಮಾಣ, ತಿರಸ್ಕರಿಸಲು ಕಾರಣಗಳೇನು, ಹಣ ಎಷ್ಟು ದಿನದಲ್ಲಿ ಬರುತ್ತದೆ. ತೂಕದ ಚೀಟಿಯನ್ನು ಕಡ್ಡಾಯವಾಗಿ ಇಟ್ಟುಕೊಳ್ಳಿರಿ.

6. ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ದಲಾಲಿಯನ್ನು ಖರೀದಿದಾರರು ಕೊಡಬೇಕೇ ಹೊರತು ರೈತರಲ್ಲ. ನಿಮ್ಮಿಂದ ದಲಾಲಿ ಮುರಿದುಕೊಂಡರೆ ಬಿಳಿ ಚೀಟಿಯನ್ನು ಒಪ್ಪದೆ ಅಧಿಕೃತ ಲೆಕ್ಕದ ಪಟ್ಟಿ ಕೇಳಿರಿ; ಸಮಿತಿಯ ಕಾರ್ಯದರ್ಶಿಗಳಿಗೆ ದೂರು ನೀಡಿರಿ. ಮಂಡಿಯ ದೋಷಗಳಿಗೆ ಪರಿಹಾರ ಮಂಡಿಯನ್ನು ತಿದ್ದುವುದು, ತೊರೆಯುವುದಲ್ಲ.

7. ರೈತ ಉತ್ಪಾದಕ ಸಂಸ್ಥೆಯ ಮೂಲಕ ಮಾರಿರಿ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 10,000 ಸಂಸ್ಥೆಗಳ ಯೋಜನೆಯಲ್ಲಿ ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರಬೇಕು. ಪ್ರತಿ ಸದಸ್ಯರಿಗೆ 2,000 ರೂ.ವರೆಗೆ, ಸಂಸ್ಥೆಗೆ ಗರಿಷ್ಠ 15 ಲಕ್ಷ ರೂ.ವರೆಗೆ ಷೇರು ಬಂಡವಾಳದ ಸಮಾನ ಅನುದಾನಕ್ಕೆ ಅವಕಾಶವಿತ್ತು. ನಿಮ್ಮ ತಾಲ್ಲೂಕಿನಲ್ಲಿ ಈಗಾಗಲೇ ರಚನೆಯಾಗಿರುವ ಸಂಸ್ಥೆಗೆ ಸೇರಿರಿ. ಒಬ್ಬರ 1,000 ಕಿಲೋವನ್ನು ಕೇಂದ್ರ ನಿರಾಕರಿಸಬಹುದು. ಐವತ್ತು ಜನರ ಮಾಲನ್ನು ನಿರಾಕರಿಸುವುದು ಸುಲಭವಲ್ಲ. ಎರಡನೇ ದರ್ಜೆಯ ಟೊಮೆಟೊ, ಮೆಣಸಿನಕಾಯಿ, ಬಾಳೆಗಳ ಸಂಸ್ಕರಣೆಗೆ ಮೈಸೂರಿನಲ್ಲಿಯೇ ಇರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ತಂತ್ರಜ್ಞಾನವನ್ನು ಸಂಸ್ಥೆಯ ಮೂಲಕ ಪಡೆಯಬಹುದು.

8. ಮನೆಬಳಕೆಯ ಸಾಲಕ್ಕೆ ಬದಲಿ ಸಿದ್ಧವಾಗಿರಲಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಲೆಕ್ಕ ಹಾಕುವಾಗ ಕೊಯ್ಲೋತ್ತರ ಮತ್ತು ಗೃಹಬಳಕೆಯ ಅಗತ್ಯಗಳಿಗೆಂದು ಶೇ. 10ರಷ್ಟನ್ನು ಸೇರಿಸಲು ಅವಕಾಶವಿದೆ. ಬ್ಯಾಂಕಿನಲ್ಲಿ ಇದನ್ನು ವಿಚಾರಿಸಿರಿ. ಕಾರ್ಡಿಲ್ಲದ ಕೂಲಿಕಾರ ಕುಟುಂಬಗಳಿಗೆ ಸ್ತ್ರೀಶಕ್ತಿ ಹಾಗೂ ಸ್ವಸಹಾಯ ಸಂಘಗಳ ಸಾಲ ವಾರದ ಕಂತಿನ ಸಾಲಕ್ಕಿಂತ ಹಿತ.

9. ಸಂತೆಯ ಜಾಗವನ್ನು ಕಾಪಾಡಿಕೊಳ್ಳಿರಿ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯ ಅನ್ವಯ ಪಟ್ಟಣಗಳಲ್ಲಿ ಐವತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ನಡೆದು ಬಂದಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸಲು, ವ್ಯಾಪಾರಿಗಳನ್ನು ಅಲ್ಲಿಂದ ಎತ್ತಂಗಡಿ ಮಾಡದಿರಲು ಅವಕಾಶವಿದೆ. ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ, ತೂಕದ ಯಂತ್ರ ಇವುಗಳಿಗಾಗಿ ಗ್ರಾಮಸಭೆಯಲ್ಲಿ, ಪುರಸಭೆ ನಗರಸಭೆಗಳಲ್ಲಿ ಬೇಡಿಕೆ ಇಡಿರಿ. ಸಂತೆಯ ಸುಂಕವನ್ನು ಹರಾಜು ಹಿಡಿದವರು ನಿಗದಿಗಿಂತ ಹೆಚ್ಚು ಕೇಳಿದರೆ ರಸೀದಿ ಕೇಳಿರಿ.

ಕೊನೆಯದಾಗಿ

ಜನವರಿಯಲ್ಲಿ ಚುಂಚನಕಟ್ಟೆಯ ಜಾನುವಾರು ಜಾತ್ರೆಗೆ ಹೋದವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ಎತ್ತು ಕೊಳ್ಳದವರೂ ಜೋಡಿಯ ಹಲ್ಲು ನೋಡಿ, ಬೆಲೆ ವಿಚಾರಿಸಿ ಮುಂದೆ ಹೋಗುತ್ತಾರೆ. ಆ ವಿಚಾರಣೆ ವ್ಯರ್ಥವಲ್ಲ. ಊರಿಗೆ ಮರಳಿದ ಮೇಲೆ ಮನೆಯ ಎತ್ತಿಗೆ ಯಾರಾದರೂ ಬೆಲೆ ಕೇಳಿದರೆ ಹೇಳಲು ಅವರಲ್ಲಿ ಒಂದು ಅಂಕಿ ಇರುತ್ತದೆ. ಮಾರುಕಟ್ಟೆಯ ಮೊದಲ ಉಪಯೋಗ ಬೆಲೆ ತಿಳಿಯುವುದು. ಮಾರುವುದು ಆಮೇಲಿನ ಮಾತು. ಸಂಗ್ರಹಣಾ ಕೇಂದ್ರದಲ್ಲಿ ನೀವು ತಿಳಿಯುವುದು ಒಬ್ಬರ ಬೆಲೆಯನ್ನು. ಸಂತೆಯಲ್ಲಿ ತಿಳಿಯುವುದು ನೂರು ಜನರ ಬೆಲೆಯನ್ನು.

ಬೃಹತ್ ಮಳಿಗೆಗಳನ್ನು ತಡೆಯುವುದು ರೈತರ ಕೈಯಲ್ಲಿಲ್ಲ, ಅದರ ಅಗತ್ಯವೂ ಇಲ್ಲ. ವಿಂಗಡಣೆ, ಶುಚಿತ್ವ, ಸಮಯಪಾಲನೆಗಳನ್ನು ಅವು ಕಲಿಸುತ್ತವೆ. ಒಳ್ಳೆಯ ಮಾಲಿಗೆ ಒಳ್ಳೆಯ ಬೆಲೆ ಕೊಡುವುದೂ ಉಂಟು. ಅವುಗಳ ಲಾಭವನ್ನು ಪಡೆಯುತ್ತಲೇ, ಅವು ಕೊಳ್ಳದ ಮಾಲಿಗೂ ಅವು ಕೊಡದ ಸಾಲಕ್ಕೂ ಆಸರೆಯಾಗಿರುವ ಸಂತೆ ಮತ್ತು ಅಂಗಡಿಗಳನ್ನು ಉಳಿಸಿಕೊಳ್ಳುವುದು ಜಾಣತನ. ಮುಂದಿನ ಕೊಯ್ಲಿಗೆ ಮುನ್ನ ಒಂದು ಹಾಳೆಯ ಮೇಲೆ ಉಳಿದ ಮಾಲಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಿರಿ. ಮೂರು ಕೊಯ್ಲುಗಳ ಲೆಕ್ಕ ಕೈಯಲ್ಲಿದ್ದರೆ ಯಾವ ಬಾಗಿಲಿಗೆ ಎಷ್ಟು ಮಾಲು ಎಂಬುದನ್ನು ನಿಮಗೆ ಬೇರೆಯವರು ಹೇಳಬೇಕಾಗುವುದಿಲ್ಲ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ. ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ ಸಂಖ್ಯೆ 1800-180-1551ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.